ನಿಂತ ಗಾಡಿಯ ಎಸಿ

ಕಳೆದ ವಾರ ಪಟಾನ್‌ಚೆರುವಿನಿಂದ ಬರುವಾಗ ನಮ್ಮ ಕ್ಯಾಬ್ ಡ್ರೈವರ್ ಸಿಗ್ನಲ್ಲಿನಲ್ಲಿ ಇಳಿದು, ಬಾಟಲಿಯ ನೀರನ್ನು ಕಾರಿನ ಮುಂದಿನ ಜಾಲರಿಗೆ ಚೆಲ್ಲಿದ. ಚುಂಯ್ ಅಂದಿತು. ಕಾದ ಲೋಹ, ಧೂಳು, ಅಂಟಿಕೊಂಡು ಸತ್ತ ಹುಳುಗಳು, ಎಲ್ಲ ಒಟ್ಟಿಗೆ ಒದ್ದೆಯಾದ ವಾಸನೆ ಒಳಗೆ ಬಂತು. ಪಕ್ಕದಲ್ಲಿದ್ದ ಸಹೋದ್ಯೋಗಿ ಮೂಗು ಮುಚ್ಚಿಕೊಂಡಳು. ನಾನು ಮೂಗರಳಿಸಿ ಕೂತೆ. ಅವಳು ನನ್ನನ್ನು ನೋಡಿದ ನೋಟವನ್ನು ಮರುದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಮಾಡಿ ತೋರಿಸಿದೆ, ಅದು ಬೇರೆ ಮಾತು. ಆದರೆ ಆ ಹೊತ್ತಿಗೆ ನನ್ನ ಕಣ್ಣ ಮುಂದೆ ಇದ್ದದ್ದು ಕೆಳಗಿನ ಮನೆಯ ಕಾಕಾ...

ಬಾಲಾನಗರದಲ್ಲಿ ನಾವು ಮೇಲೆ, ಅವರು ಕೆಳಗೆ. ಎರಡೂ ಮನೆಯವರು ರಾಯಚೂರು ಕಡೆಯವರು. ಗೇಟಿನ ಹೊರಗೆ ತೆಲುಗು, ಅಂಗಡಿಯಲ್ಲಿ ಹಿಂದಿ, ಮೆಟ್ಟಿಲ ಮೇಲೆ ಕನ್ನಡ ನಡೆಯುತ್ತಿತ್ತು. ಕಾಕಾ ಒಂದು ಕಾರ್ಖಾನೆಯಲ್ಲಿ ಜೀಪು ಓಡಿಸಿ ನಿವೃತ್ತರಾದವರು. ಅವರ ಜೀಪು ಉಳಿದವರ ಜೀಪಿಗಿಂತ ಕಡಿಮೆ ಡೀಸೆಲ್ ಕುಡಿಯುತ್ತಿತ್ತು ಅನ್ನುವುದು ಅವರ ಜೀವಮಾನದ ಹೆಮ್ಮೆ. ಗಾಡಿ ನಿಂತಿತೆಂದರೆ ಅವರ ಕೈ ತಾನಾಗಿ ಹೋಗಿ ಏನಾದರೊಂದನ್ನು ಆರಿಸುತ್ತಿತ್ತು. ಅವರು ನಿವೃತ್ತರಾದರೂ ಆ ಕೈ ನಿವೃತ್ತವಾಗಲಿಲ್ಲ. ನಾನು ಇನ್ನೂ ಹತ್ತುತ್ತಿರುವಾಗಲೇ ಮೆಟ್ಟಿಲ ದೀಪ ಆರಿಸಿಬಿಡುತ್ತಿದ್ದರು. ನಾನು ಕತ್ತಲಲ್ಲಿ ನಿಂತು ಅವರದೇ ದನಿಯಲ್ಲಿ, "ನಿಂತ ಗಾಡಿಗೆ ಎಣ್ಣಿ ಯಾಕಲೇ ತಮ್ಮಾ?" ಎಂದು ಕೂಗುತ್ತಿದ್ದೆ. ಒಳಗಿನಿಂದ ಅವರ ಹೆಂಡತಿ, ನಮ್ಮ ಕಾಕು, ನಗುವುದು ಕೇಳಿಸುತ್ತಿತ್ತು.

ಕಾಕು ನನ್ನ ಖಾಯಂ ಪ್ರೇಕ್ಷಕರು, ಮತ್ತು ಬಲು ಕಠಿಣ ಪರೀಕ್ಷಕರು. ಸಿಕಂದರಾಬಾದ್ ಸ್ಟೇಷನ್ನಿನ ಅನೌನ್ಸ್‌ಮೆಂಟು, ನಮ್ಮ ಮನೆ ಮಾಲೀಕರ ಕೆಮ್ಮು, ಇಂಟರ್‌ವ್ಯೂನಲ್ಲಿ ತೊದಲುವ ಸ್ವತಃ ನಾನು... ಯಾವುದನ್ನು ಮಾಡಿದರೂ ಕೊನೆಗೆ ತೀರ್ಪು ಬರಲೇಬೇಕು. "ಇವತ್ತು ಬರಾಬರಿ ಬಂತು ನೋಡು, ಮಂಗ್ಯಾ." ಇಲ್ಲವೇ, "ಉಹುಂ, ಕೆಮ್ಮು ಇನ್ನೂ ಒಣಾ ಇರಬೇಕು."

ಆಮೇಲೆ ಕಾಕುವಿನ ಕಿಡ್ನಿ ಕೈಕೊಟ್ಟಿತು. ದಿನ ಬಿಟ್ಟು ದಿನ ಸಿಕಂದರಾಬಾದಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕಾಯಿತು. ಮುಗಿದ ಮೇಲೆ ಅವರ ಬಿಪಿ ದಬಕ್ಕನೆ ಇಳಿಯುತ್ತಿತ್ತು. ಸೆಕೆ ತಾಗಿದರೆ ಇನ್ನೂ ಇಳಿಯುತ್ತದೆ, ತಂಪಾಗಿ ಮನೆಗೆ ಕರೆದೊಯ್ಯಿರಿ, ದಾರಿಯಲ್ಲಿ ನಿದ್ದೆಗೆ ಬಿಡಬೇಡಿ, ಮಾತಾಡಿಸುತ್ತಿರಿ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಕಾಕಾ ತಮ್ಮ ಹಳೇ ಕಾರನ್ನು ಹೊರತೆಗೆದರು. ಮಾತಾಡಿಸುವ ಕೆಲಸಕ್ಕೆ, ಡಿಗ್ರಿ ಮುಗಿಸಿ ಮನೆಯಲ್ಲಿ ಬರೀ ಮಾತಾಡಿಕೊಂಡೇ ಇದ್ದ ನನ್ನನ್ನು ಹಿಂದಿನ ಸೀಟಿಗೆ ಹಾಕಿಕೊಂಡರು. ನನಗೆ ಸಿಕ್ಕ ಮೊದಲ ಉದ್ಯೋಗ ಅದೇ. ಮನೆ ಬಂದಾಗ ಕಾಕುವಿನ ಕಡೆಯ ಬಾಗಿಲು ತೆಗೆಯುವ ಕೆಲಸ ಮಾತ್ರ ಕಾಕಾನದು, ಇಳಿದು ಸುತ್ತಿ ಬಂದು ತಾವೇ ತೆಗೆಯುತ್ತಿದ್ದರು.

ಆ ಕಾರಿನ ಎಸಿ ವಿಚಿತ್ರದ್ದು. ರಸ್ತೆ ಖಾಲಿಯಿದ್ದರೆ ಹಲ್ಲು ಕಟಕಟಿಸುವಷ್ಟು ತಂಪು. ಸಿಗ್ನಲ್ಲು ದಾಟಿದ ಮೇಲೆ ಮಾತ್ರ ತುಸು ಹೊತ್ತು ಬೆಚ್ಚನೆಯ ಗಾಳಿ. ಕಾಕಾಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಏಕೆಂದರೆ ಸಿಗ್ನಲ್ಲಿನಲ್ಲಿ ಎಸಿ ಆರಿಸುತ್ತಿದ್ದವರೇ ಅವರು. ಆರಿಸಿದ್ದು ಮತ್ತೆ ತಣ್ಣಗಾಗಲು ಸಮಯ ಬೇಕಲ್ಲ! ಬೇಸಿಗೆ ಏರಿದಂತೆ ಕಾಕು ಹಣೆ ಒರೆಸಿಕೊಳ್ಳುವುದು ಹೆಚ್ಚಾಯಿತು. ಕಾಕಾ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ ಗ್ಯಾಸ್ ತುಂಬಿಸಿದ. ಫಿಲ್ಟರ್ ಬದಲಾಯಿಸಿದ. ಇನ್ನೊಮ್ಮೆ ಗ್ಯಾಸ್ ತುಂಬಿಸಿದ. "ಚಾಚಾ, ಗಾಡಿ ಸ್ವಲ್ಪ ಹಾಗೇ ನಿಂತು ಓಡಲಿ, ನೋಡೋಣ" ಎಂದು ಅವನು ಹಿಂದಿಯಲ್ಲಿ ಅನ್ನುವಷ್ಟರಲ್ಲಿ ಕಾಕಾ ಕೈ ಚಾಚಿ ಆರಿಸಿಬಿಟ್ಟಿರುತ್ತಿದ್ದರು. "ಥಂಡಿ ಬಂತಲ್ಲ, ಸಾಕ್ ಬಿಡು." ಆ ದೃಶ್ಯವನ್ನು ನಾನು ಕಾಕುವಿಗೆ ಅಭಿನಯಿಸಿ ತೋರಿಸಿ ಹೊಗಳಿಕೆ ಗಿಟ್ಟಿಸಿದೆ. ಅದರೊಳಗೇ ಕಾರಿನ ರೋಗ ಅಡಗಿತ್ತು ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ. ಡಯಾಲಿಸಿಸ್ ಮುಗಿಸಿ ಹೊರಟಿದ್ದೆವು. ಬೋಯಿನಪಲ್ಲಿ ಹತ್ತಿರ ಮುಂದೆಲ್ಲೋ ತರಕಾರಿ ಲಾರಿಯೊಂದರ ಆಕ್ಸಲ್ ಮುರಿದು ರಸ್ತೆಗೆ ಅಡ್ಡಲಾಗಿತ್ತು. ನಮ್ಮ ಮುಂದೆ ಗಾಡಿ, ಹಿಂದೆ ಗಾಡಿ, ಎಡಕ್ಕೆ ಈರುಳ್ಳಿ ಮೂಟೆಯ ಲಾರಿ, ಬಲಕ್ಕೆ ಡಿವೈಡರ್. ಕಾರು ನಿಂತಿತು. ಕಾಕಾ ಕೈ ಹೋಯಿತು. ಎಸಿ ಆರಿತು.

"ಕಾಕಾ, ಹಚ್ರಿ ಅದನ್ನ!"

"ಹೂಂ, ಹಚ್ಚಿದೆ, ಹಚ್ಚಿದೆ..." ನಾಚಿಕೊಂಡು ಮತ್ತೆ ಹಾಕಿದರು.

ಅಂದು ಮೊದಲ ಸಲ ಆ ಎಸಿ ನಿಂತ ಗಾಡಿಯಲ್ಲಿ ಓಡಿತು. ಮೊದಲು ತಂಪು ಬಂತು. ಆಮೇಲೆ ಉಗುರುಬೆಚ್ಚಗೆ. ಆಮೇಲೆ ಯಾರೋ ಒಲೆಯ ಬಾಗಿಲು ತೆಗೆದಂತೆ ಬಿಸಿ. ಕಿಟಕಿ ಇಳಿಸಿದರೆ ಹೊರಗಿನದು ಅದಕ್ಕಿಂತ ಬಿಸಿ, ಜೊತೆಗೆ ಲಾರಿಯ ಹೊಗೆ. ಕಾಕು ನನ್ನ ಭುಜಕ್ಕೆ ಒರಗಿದರು. ಅವರ ತೋಳು ತಣ್ಣಗೆ, ಬೆವರಿ ಜಿಗುಟಾಗಿತ್ತು.

ನಾನು ಶುರು ಮಾಡಿದೆ. ಸ್ಟೇಷನ್ ಅನೌನ್ಸ್‌ಮೆಂಟು. "ಹೂಂ" ಅಂದರು. ಮಾಲೀಕರ ಕೆಮ್ಮು. ತುಟಿ ತುಸು ಅಲುಗಿತು. ಡಯಾಲಿಸಿಸ್ ನರ್ಸಮ್ಮನ "ಅಮ್ಮಾ, ಚೆಯ್ಯಿ ಕದಪಕಂಡಿ". ಏನೂ ಇಲ್ಲ. ಕೈ ಅಲುಗಿಸಬೇಡಿ ಎನ್ನುವ ಆ ತೆಲುಗು ಮಾತಿಗೆ ಕಾಕು ಪ್ರತಿಸಲ ಬೇಕೆಂದೇ ಕೈ ಅಲ್ಲಾಡಿಸಿ ನಗುತ್ತಿದ್ದರು. ಈಗ ಕೈ ಸುಮ್ಮನಿತ್ತು. ನನ್ನ ದನಿ ನಡುಗತೊಡಗಿತು. ನಡುಗುವ ದನಿಯಲ್ಲಿ ಎಲ್ಲರೂ ಒಂದೇ ಥರ ಕೇಳಿಸುತ್ತಾರೆ ಎಂದು ಅವತ್ತು ಗೊತ್ತಾಯಿತು.

"ಮಾತಾಡಸಲೇ ಅಕೀನ್ನ! ಯಾಕ್ ಸುಮ್ಮಾದಿ?" ಕಾಕಾ ಕೂಗಿದರು.

"ನಾ ಮಾತಾಡಾಕತ್ತೀನ್ರಿ. ಕಾಕು ಮಾತಾಡವಲ್ರು."

ಕನ್ನಡಿಯಲ್ಲಿ ಕಾಕಾನ ಮುಖ ಕಂಡಿತು. ಮರುಕ್ಷಣ ಅವರು ಸೀಟಿನಲ್ಲಿರಲಿಲ್ಲ. ಬಾನೆಟ್ ಎತ್ತಿ ನಿಂತಿದ್ದರು. ಇಂಜಿನ್ ಓಡುತ್ತಿತ್ತು, ಎಸಿ ಓಡುತ್ತಿತ್ತು. ಅವರು ಬಗ್ಗಿ ನೋಡಿದರು.

"ಲೇ... ಈ ಫ್ಯಾನ್ ತಿರಗವಲ್ದಲೇ."

ಮುಂದಿನ ಜಾಲರಿಯ ಹಿಂದೆ ಎಸಿಗಾಗಿಯೇ ಒಂದು ಪುಟ್ಟ ಫ್ಯಾನು. ಗಾಡಿ ಓಡುವಾಗ ಎದುರುಗಾಳಿಯೇ ಜಾಲರಿಯನ್ನು ತಣಿಸುತ್ತದೆ, ಫ್ಯಾನು ಸತ್ತಿದ್ದರೂ ತಿಳಿಯುವುದಿಲ್ಲ. ಗಾಡಿ ನಿಂತಾಗ ಮಾತ್ರ ಅದು ಬೇಕು. ನಿಂತಾಗೆಲ್ಲ ಕಾಕಾ ಎಸಿಯನ್ನೇ ಆರಿಸುತ್ತಿದ್ದರು. ಎಷ್ಟು ಕಾಲದಿಂದ ಅದು ಸತ್ತು ಕೂತಿತ್ತೋ...

"ನೀರು! ನೀರು ತಗೊಂಡ್ ಬಾ!"

ಕಾರಿನಲ್ಲಿ ನೀರಿರಲಿಲ್ಲ. ಕಾಕು ದಿನಕ್ಕೆ ಇಷ್ಟೇ ನೀರು ಕುಡಿಯಬೇಕೆಂಬ ಕಟ್ಟುಪಾಡು. ಅವರ ಕಣ್ಣೆದುರು ಬಾಟಲಿ ಇದ್ದರೆ ಆಸೆಯಾಗುತ್ತದೆಂದು ಕಾಕಾ ಮೇ ತಿಂಗಳಲ್ಲೂ ಗಾಡಿಯಲ್ಲಿ ಒಂದು ಹನಿ ಇಡುತ್ತಿರಲಿಲ್ಲ. ತಾವೂ ಮನೆಗೆ ಬರುವವರೆಗೆ ಕುಡಿಯುತ್ತಿರಲಿಲ್ಲ. ನಾನು ಕಾಕುವನ್ನು ಸೀಟಿಗೆ ಒರಗಿಸಿ, ಕಾಲನ್ನು ಸೀಟಿನ ಮೇಲೆತ್ತಿಟ್ಟು ಪಕ್ಕದ ಈರುಳ್ಳಿ ಲಾರಿಗೆ ಓಡಿದೆ. "ಭಾಯ್, ಪಾನೀ!" ಇನ್ನೇನು ಹೇಳಬೇಕೆಂದು ತೋಚಲಿಲ್ಲ. ಊರನ್ನೆಲ್ಲ ಅಣಕಿಸುವ ಬಾಯಿಗೆ ಸಿಕ್ಕಿದ್ದು ಅವೆರಡೇ ಮಾತು. ಲಾರಿ ಡ್ರೈವರ್ ಯಾಕೆಂದು ಕೇಳದೆಯೇ ನೀರಿನ ಕ್ಯಾನ್ ಇಳಿಸಿಕೊಟ್ಟ.

ಕಾಕಾ ಜಾಲರಿಯ ಮೇಲೆ ನೀರು ಸುರಿದರು. ಚುಂಯ್... ಆ ವಾಸನೆ. ನಾನು ಒಳಗೆ ಕೈಯೊಡ್ಡಿದೆ. "ಥಂಡಿ ಬರಾಕತ್ತೈತ್ರಿ ಕಾಕಾ! ಬಂತು!" ಗ್ಯಾಸೂ ಸರಿಯಿತ್ತು, ಉಳಿದದ್ದೂ ಸರಿಯಿತ್ತು. ಆದರೆ ನೀರು ಆರುತ್ತಲೇ ಗಾಳಿ ಮತ್ತೆ ಬಿಸಿಯಾಯಿತು. ಮತ್ತೆ ಸುರಿದರು. ಕ್ಯಾನು ಅರ್ಧವಾಯಿತು. ಮುಂದಿನ ಗಾಡಿಗಳು ಅಲುಗುವ ಲಕ್ಷಣವಿರಲಿಲ್ಲ.

ಕಾಕಾ ಕ್ಯಾನು ಕೆಳಗಿಟ್ಟು, ಡಿಕ್ಕಿಯಿಂದ ನಟ್ಟು ಬಿಚ್ಚುವ ಪಾನಾ ತಂದು ಫ್ಯಾನಿನ ಮೋಟಾರಿನ ಬೆನ್ನಿಗೆ ಮೆಲ್ಲಗೆ ಬಡಿದರು. ಇಲ್ಲ. ಮತ್ತೆ ಬಡಿದರು. ಪಾನಾ ಗುರಿ ತಪ್ಪಿ ಬೇರೆ ಕಡೆಗೂ ತಗುಲಿ ಟಣಟಣ ಅನ್ನುತ್ತಿತ್ತು. "ತಿರಗು... ತಿರಗಪಾ..." ದೇವರಿಗೆ ಕೂಡ ಅವರು ಹಾಗೆ ಬೇಡಿಕೊಂಡದ್ದನ್ನು ನಾನು ನೋಡಿರಲಿಲ್ಲ. ರೆಕ್ಕೆ ಒಮ್ಮೆ ಕುಲುಕಿತು, ತಡವರಿಸಿತು, ಆಮೇಲೆ ಗರ್ರನೆ ತಿರುಗತೊಡಗಿತು.

ಕಾಕಾ ಅಲ್ಲಿಯೇ ನಿಂತರು, ಒಂದು ಕೈ ಬಾನೆಟ್ಟಿನ ಮೇಲೆ, ಇನ್ನೊಂದರಲ್ಲಿ ಪಾನಾ. ಫ್ಯಾನು ಮತ್ತೆ ನಿಂತೀತೆಂಬ ಭಯಕ್ಕೆ ಬಿಸಿಲಿನಲ್ಲಿ ಅದನ್ನೇ ನೋಡುತ್ತ ನಿಂತರು. ಒಳಗೆ ತಂಪು ತುಂಬಿತು. ನಾನು ಕಾಕುವಿನ ಕಾಲು ತಿಕ್ಕುತ್ತ, ಬೇರೇನೂ ತೋಚದೆ, "ತಿರಗಪಾ, ತಿರಗು" ಎಂದು ಕಾಕಾನ ದನಿ ತೆಗೆದೆ. ಬಹಳ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ ಕಾಕು ಅಂದರು:

"ಅವರು... ಇಷ್ಟು ಹೆದರಂಗಿಲ್ಲೋ."

ನಾನು ಗಾಜಿನಾಚೆ ನೋಡಿದೆ. ಕಾಕಾ ಪಾನಾ ಹಿಡಿದು ಇನ್ನೂ ಅಲ್ಲಿಯೇ ನಿಂತಿದ್ದರು.

ಅದೇ ವಾರ ಫ್ಯಾನಿಗೆ ಬೇರೆ ಮೋಟಾರು ಬಂತು. ಎಸಿಗೆ ಮತ್ತೆ ಯಾವ ರೋಗವೂ ಬರಲಿಲ್ಲ. ಕಾಕು ಉಳಿದರು, ಇನ್ನೂ ಇದ್ದಾರೆ. ಹೋದದ್ದು ಕಾಕಾ. ಎರಡು ಚಳಿಗಾಲದ ಹಿಂದೆ, ಬೆಳಗಿನ ಚಹಾ ಕುಡಿಯುತ್ತ ಕೂತವರು ಹಾಗೆಯೇ... ಆರೋಗ್ಯವಂತರು ಅವರು, ಮನೆಯಲ್ಲಿ ಎಲ್ಲರ ಚಿಂತೆಯೂ ಕಾಕುವಿನ ಬಗ್ಗೆಯೇ ಆಗಿತ್ತು. ಕಾರನ್ನು ಮಾರಿದ್ದಾಯಿತು.

ಈಗ ನನಗೆ ರಜೆಯಿದ್ದ ದಿನ ಕಾಕುವನ್ನು ಕ್ಯಾಬಿನಲ್ಲಿ ನಾನೇ ಕರೆತರುತ್ತೇನೆ. ಹೊಸ ಗಾಡಿಗಳು, ಒಳಗೆ ಒಳ್ಳೆಯ ತಂಪು. ಕಾಕು ಈಗಲೂ ತೀರ್ಪು ಕೊಡುತ್ತಾರೆ, ಹೆಚ್ಚಾಗಿ ನನ್ನ ವಿರುದ್ಧವೇ. ಮನೆ ಬಂದಾಗ ನಾನು ನನ್ನ ಕಡೆಯ ಬಾಗಿಲು ತೆಗೆದು ಇಳಿಯುತ್ತೇನೆ. ಅವರು ಮಾತ್ರ ಇಳಿಯುವುದಿಲ್ಲ. ಸೆರಗು ಸರಿಮಾಡಿಕೊಂಡು, ಡ್ರೈವರ್ ಇಳಿದು ಸುತ್ತಿ ಬಂದು ಬಾಗಿಲು ತೆಗೆದಾನೆಂಬಂತೆ ಅವನ ಬೆನ್ನನ್ನೇ ನೋಡುತ್ತ ಕೂತಿರುತ್ತಾರೆ. ಅವನು ಫೋನ್ ನೋಡುತ್ತಿರುತ್ತಾನೆ.

ಅಷ್ಟರಲ್ಲಿ ನಾನು ಸುತ್ತಿ ಬಂದಿರುತ್ತೇನೆ.