ಸಂಡಿಗೆ ಒಣಗುತ್ತಿದ್ದ ಕೋಣೆಯಲ್ಲಿ ಅಪ್ಪನ ಮೇಜು

ಸ್ವೀಡನ್ನಿನ ಶೋವ್ಡೆ ಊರಿನ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಒಂದು ಬಾಸ್ತು, ಅಂದರೆ ಸೌನಾ ಇತ್ತು. ಗೋಡೆಗೆಲ್ಲ ಮರದ ಹಲಗೆ ಹೊಡೆದು, ಮೂಲೆಯಲ್ಲಿ ಕಲ್ಲು ತುಂಬಿದ ಕರೆಂಟಿನ ಒಲೆ ಇಟ್ಟ ಪುಟ್ಟ ಕೋಣೆ. ಹಿಂದಿನ ಮಾಲೀಕರು ಅಲ್ಲಿ ಕೂತು ಬೆವರುತ್ತಿದ್ದರಂತೆ; ಅಮ್ಮ ಸಂಡಿಗೆ ಒಣಗಿಸುತ್ತಿದ್ದಳು. ನವೆಂಬರ್ ತಿಂಗಳಲ್ಲಿ ಬೆಂಗಳೂರಿನ ತಾರಸಿಯ ಬಿಸಿಲು ಸಿಗುವುದು ಅದೊಂದೇ ಕಡೆ ಎಂದು ಅವಳ ವಾದ. ಅದರಲ್ಲಿ ನನಗೆ ತಪ್ಪು ಕಂಡಿರಲಿಲ್ಲ.

ಇದು 2006ರ ಸುಮಾರಿನ ಮಾತು. ಅಪ್ಪ ಕಾರಿನ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್. ಮೊಟ್ಟೆಯನ್ನೂ ಮುಟ್ಟದ ಮನುಷ್ಯ ಸಹೋದ್ಯೋಗಿಗಳ ಜೊತೆ ಶೂಟಿಂಗ್ ಕ್ಲಬ್ ಸೇರಿ, ಲೈಸೆನ್ಸು ಪಡೆದು, ಕಾಗದದ ಗುರಿಗೆ ರೈಫಲ್ ಹೊಡೆಯುತ್ತಿದ್ದರು. ಕ್ಲಬ್ಬಿನವರು ಖಾಲಿ ತೋಟಾಗಳನ್ನು ಆರಿಸಿ ತಂದು, ಮನೆಯಲ್ಲೇ ಮತ್ತೆ ಮದ್ದು, ಗುಂಡು ತುಂಬಿಕೊಳ್ಳುತ್ತಿದ್ದರು. ಅಪ್ಪ ಮಾತ್ರ ಯಾರದೋ ಮನೆಯಲ್ಲಿ ಸರದಿಗೆ ಕಾಯಬೇಕಿತ್ತು. ಅವರಿಗೆ ಸ್ವಂತದೊಂದು ಮೇಜು ಬೇಕಿತ್ತು. ಮದ್ದು ಇಡೋಣವೆಂದರೆ ಗ್ಯಾರೇಜಿನಲ್ಲಿ ತೇವ, ಮೇಲೆ ದೇವರ ದೀಪದ ಬೆಂಕಿ. ಉಳಿದದ್ದು ಬಾಸ್ತು.

"ಅದು ವರ್ಕ್‌ಶಾಪ್ ಆದ್ಮೇಲೆ ಆ ಒಲೆ ಆನ್ ಮಾಡೋ ಹಾಗಿಲ್ಲ," ಅಂದರು ಅಪ್ಪ. "ಮದ್ದು ಇರೋ ಕಡೆ ಬಿಸಿ ಇರಬಾರದು."

"ನನ್ನ ಸಂಡಿಗೆ?"

"ಸ್ಟಾಕ್‌ಹೋಮ್‌ಗೆ ಹೋದಾಗ ಅಂಗಡೀಲಿ ತಗೊಳೇ."

"ತೋಟಾನೂ ಅಂಗಡೀಲಿ ಸಿಗತ್ತಲ್ರೀ."

ಅಪ್ಪ ನನ್ನತ್ತ ನೋಡಿದರು. ಆಗ ನಾನು ಸ್ಕೂಲಿನ ಡಿಬೇಟ್ ತಂಡದಲ್ಲಿದ್ದೆ. ಯಾವ ಪಕ್ಷ ಕೊಟ್ಟರೂ ವಾದಿಸುತ್ತಿದ್ದೆ. ಅಂಗಡಿಯ ತೋಟಾ ಅಪ್ಪನ ರೈಫಲ್ಲಿಗೆ ಅಷ್ಟು ಚೆನ್ನಾಗಿ ಹೊಂದುವುದಿಲ್ಲ, ಅಂಗಡಿಯ ಸಂಡಿಗೆ ಯಾರ ಬಾಯಿಗಾದರೂ ಹೊಂದುತ್ತದೆ, ಆದ್ದರಿಂದ ಎರಡೂ ಒಂದೇ ಅಲ್ಲ ಎಂದೆ. ವರ್ಷದಲ್ಲಿ ಕೆಲವೇ ದಿನ ಬಳಸುವ ಕೋಣೆಯ ಮೇಲೆ ಒಬ್ಬರ ಹಕ್ಕೇನು ಎಂದೂ ಕೇಳಿದೆ.

"ಕರಿದಾಗ ಮೊದಲು ತಟ್ಟೆ ಹಿಡ್ಕೊಂಡು ಬರೋಳು ಯಾರೇ?"

"ಅಮ್ಮ, ಅದು ಪರ್ಸನಲ್ ಅಟ್ಯಾಕ್. ವಾದ ಅಲ್ಲ."

ಅಮ್ಮ ಮೇಲೆ ಹೋದಳು. ಗೆದ್ದೆ ಅಂದುಕೊಂಡೆ.

ಶನಿವಾರ ಅಪ್ಪ ಬಾಸ್ತುವಿನ ಕೂರುವ ಹಲಗೆ ಬಿಚ್ಚಿ, ದಪ್ಪ ಹಲಗೆಯ ಮೇಜು ಕೂರಿಸಿದರು. ತೋಟಾಕ್ಕೆ ಗುಂಡು ಒತ್ತಿ ಕೂರಿಸುವ ಉದ್ದ ಹಿಡಿಯ ಪ್ರೆಸ್ಸನ್ನು ಅದಕ್ಕೆ ತಿರುಪು ಹಾಕಿ ಬಿಗಿದು, ಮದ್ದು ತೂಗುವ ಪುಟ್ಟ ತಕ್ಕಡಿಯನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿಟ್ಟರು. ಮದ್ದು ಇನ್ನೂ ತಂದಿರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸುವುದೂ ಬಾಕಿ ಇತ್ತು. ನಾನು ಹಿತ್ತಾಳೆಯ ಖಾಲಿ ತೋಟಾಗಳನ್ನು ಡಬ್ಬಿಗೆ ಹಾಕುತ್ತಿದ್ದೆ. ಅಮ್ಮ ಬಟ್ಟೆಯ ಬುಟ್ಟಿ ಹಿಡಿದು ವಾಷಿಂಗ್ ಮೆಷಿನ್ನಿನ ಕಡೆ ಹೊರಟವಳು, ಬಾಸ್ತುವಿನ ಬಾಗಿಲು ದಾಟುವಾಗ ಗೋಡೆಯ ಮೇಲಿದ್ದ ಒಲೆಯ ಟೈಮರ್ ಗುಂಡಿಯನ್ನು ತಿರುಗಿಸಿದಳು. ಸಂಡಿಗೆಯ ಕಾಲದಲ್ಲಿ ಪ್ರತಿ ಶನಿವಾರ ಮಾಡುತ್ತಿದ್ದ ಹಾಗೆ.

ಟಿಕ್ ಟಿಕ್ ಶುರುವಾಯಿತು. ಅಪ್ಪನ ಕೈ ನಿಂತಿತು.

"ಅಯ್ಯೋ, ಕೈ ತಾನಾಗೇ ಹೋಯ್ತು ರೀ!"

"ಗುಂಡಿ ಮೇಲೆ ಟೇಪ್ ಅಂಟಿಸಿದ್ರೆ ಆಯ್ತಪ್ಪ," ಎಂದೆ.

ಅಪ್ಪ ಎದ್ದು ಗುಂಡಿಯನ್ನು ಸೊನ್ನೆಗೆ ತಂದು, ಬಂದು ಪ್ರೆಸ್ಸಿನ ತಿರುಪು ಬಿಚ್ಚತೊಡಗಿದರು. "ನಿನ್ನ ಪಾಯಿಂಟೆಲ್ಲಾ ಸರಿ ಪುಟ್ಟಿ. ನಿಮ್ಮಮ್ಮನ ಕೈಗೆ ಅದು ಗೊತ್ತಿಲ್ಲ. ಈ ಕೋಣೆ ಅವಳದ್ದೇ."

ಅಮ್ಮ ಬುಟ್ಟಿ ಕೆಳಗಿಟ್ಟಳು. "ಎಲ್ಲಿಗೆ ತಗೊಂಡ್ಹೋಗ್ತೀರಾ?"

"ಗ್ಯಾರೇಜಿಗೆ."

"ತೇವ ಅಂದ್ರಲ್ಲ?"

"ನೋಡೋಣ."

"ನೋಡೋದೇನು! ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಮೊದಲು ಆ ಒಲೆ ಕೀಳಿಸಿ. ಆಮೇಲೇ ನಿಮ್ಮ ಮದ್ದು ಬರಲಿ. ನನ್ನ ಕೈ ಮತ್ತೆ ಆ ಗುಂಡಿಗೆ ಹೋದ್ರೂ ಏನೂ ಆಗಬಾರದು."

ನಾನು ಇಷ್ಟು ವಾದಿಸಿ ಕೇಳಿದ್ದನ್ನು ಅವಳು ಕೊಟ್ಟುಬಿಟ್ಟಳು, ನನ್ನ ಒಂದು ಮಾತನ್ನೂ ಒಪ್ಪದೆ. ನನ್ನ ವಾದ ಸರಿಯಿತ್ತು ಎಂದು ಈಗಲೂ ಹೇಳುತ್ತೇನೆ. ಕೆಲಸಕ್ಕೆ ಬರಲಿಲ್ಲ, ಅಷ್ಟೆ.

ಎಲೆಕ್ಟ್ರಿಷಿಯನ್ ಬಂದು ವೈರು ಕತ್ತರಿಸಿ, ಒಲೆಯನ್ನು ಹೊತ್ತೊಯ್ದ. ಕಲ್ಲುಗಳನ್ನು ಅಮ್ಮ ಬಿಟ್ಟುಕೊಡಲಿಲ್ಲ. ಜೂನ್ ಬಂದಾಗ ಹಿತ್ತಲಿನಲ್ಲಿ ಪಂಚೆ ಹಾಸಿ, ಗಾಳಿಗೆ ಹಾರದಂತೆ ಅಂಚಿಗೆಲ್ಲ ಅವನ್ನೇ ಇಟ್ಟು ಸಂಡಿಗೆ ಹಾಕಿದಳು. ಅಪ್ಪ ನಡುನಡುವೆ ತಮ್ಮ ಮೇಜು ಬಿಟ್ಟು ಮೇಲೆ ಬಂದು ಹಕ್ಕಿ ಓಡಿಸುತ್ತಿದ್ದರು.

ಬಟ್ಟೆಯ ಬುಟ್ಟಿ ಹಿಡಿದು ಕೆಳಗಿಳಿದಾಗ ಅಮ್ಮನ ಕೈ ಈಗಲೂ ಒಮ್ಮೊಮ್ಮೆ ಆ ಗೋಡೆಯತ್ತ ಹೋಗುತ್ತದೆ. ಟೈಮರ್ ಗುಂಡಿ ಇದ್ದ ಜಾಗದಲ್ಲಿ ಈಗಿರುವುದು ಒಂದು ಬಿಳಿ ಮುಚ್ಚಳ ಮಾತ್ರ.