ಚಹಾದಲ್ಲಿ ಮುದಿಯಾದ ನೊಗ್ಲಿ

ಅಂಕೋಲೆಯ ಕಾಲೇಜೊಂದಕ್ಕೆ ಪ್ರಾಣಿಶಾಸ್ತ್ರ ಕಲಿಸಲು ಸೇರಿದಾಗ ನಾನು ಪ್ರಯೋಗಶಾಲೆಯ ಹೊರಗೆ ಒಂದು ಮೀನನ್ನೂ ಮುಟ್ಟಿದವಳಲ್ಲ. ತವರು ಘಟ್ಟದ ಬುಡದ ಶಾಕಾಹಾರಿ ಮನೆ. ಬಾಡಿಗೆಗೆ ಕೋಣೆ ಕೊಟ್ಟ ಮನೆಯೊಡತಿಯೋ, ಬೆಳ್ಳುಳ್ಳಿಯನ್ನೂ ಹೊಸಿಲು ದಾಟಿಸದ ಹಿರಿಯ ಹೆಂಗಸು. ಊರಿನಲ್ಲಿ ಮೊಬೈಲು ಇನ್ನೂ ನಾಲ್ಕೈದು ಜನರ ಕೈಯಲ್ಲಿ ಮಾತ್ರ ಇದ್ದ ಕಾಲ ಅದು. ಆದರೂ ಸುದ್ದಿ ಓಡಾಡುವುದಕ್ಕೆ ಏನೂ ತೊಂದರೆಯಿರಲಿಲ್ಲ. ಬೊಬ್ರುವಾಡದ ಕಡೆಯಿಂದ ಬುಟ್ಟಿ ಹೊತ್ತು ಮೀನು ಮಾರಲು ಬರುವ ಹೆಂಗಸೊಬ್ಬಳಿದ್ದಳು; ಊರಿಗೆಲ್ಲ ಅವಳು 'ಮೀನಿನ ಬಾಯಿ'. ಅವಳು ಒಂದು ಓಣಿ ದಾಟಿದರೆ ಆ ಓಣಿಗೆ ಲೋಕದ ವಿಷಯವೆಲ್ಲ ತಿಳಿದಂತೆಯೇ.

ದಿನಾ ಬೆಳಿಗ್ಗೆ ನನ್ನ ಬಾಗಿಲ ಮುಂದೆ ಬುಟ್ಟಿ ಇಳಿಸದೆಯೇ ನಿಂತು ಕೆಣಕುವಳು.

"ಅಕ್ಕೋರೆ, ನೀವು ಮೀನಿನ ಪಾಠ ಹೇಳೂದಂತೆ, ಮೀನು ತಿಂಬೂದಿಲ್ಲಂತೆ. ರುಚಿ ಗೊತ್ತಿಲ್ದೆ ಮಕ್ಳಿಗೆ ಎಂತಾ ಹೇಳ್ತ್ರಿ?"

ನಾನು ನಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದೆ.

ನಾನು ಸೇರಿ ಮೂರು ವರ್ಷವಾದಾಗ ವಿಶ್ವವಿದ್ಯಾಲಯದಿಂದ ತಪಾಸಣೆಯ ತಂಡ ಬರುವುದೆಂದು ಗೊತ್ತಾಯಿತು. ಪ್ರಿನ್ಸಿಪಾಲರು ನನ್ನನ್ನೂ ಇತಿಹಾಸದ ಮಾಸ್ತರರನ್ನೂ ಕರೆದು, ಮುರಿದ ಬೆಂಚುಗಳನ್ನು ತುಂಬಿಟ್ಟಿದ್ದ ಕೋಣೆಯ ಕೀಲಿ ಕೈಗಿತ್ತು, "ಹದಿನೈದು ದಿನದಲ್ಲಿ ಇದು ಮ್ಯೂಸಿಯಂ ಆಗಬೇಕು" ಎಂದರು. ಎಡಗಡೆ ಸಂಸ್ಕೃತಿ, ಬಲಗಡೆ ಪ್ರಕೃತಿ. ಸಂಸ್ಕೃತಿ ಮಾಸ್ತರರದ್ದು, ಪ್ರಕೃತಿ ನನ್ನದು.

ನನ್ನ ಪ್ರಕೃತಿಯ ಸ್ಥಿತಿ ಹೇಳುವಂತಿರಲಿಲ್ಲ. ಹೊಟ್ಟೆಗೆ ಹತ್ತಿ ತುಂಬಿದ ನೀರುನಾಯಿಗೆ ಒಂದು ಕಣ್ಣಿನ ಜಾಗದಲ್ಲಿ ಯಾರದೋ ಅಂಗಿಯ ಗುಂಡಿ ಇತ್ತು. ತಿಮಿಂಗಿಲದ ಬೆನ್ನೆಲುಬಿನ ಒಂದು ತುಂಡು ಜವಾನನ ಕೂರುಮಣೆಯಾಗಿ ವರ್ಷಗಟ್ಟಲೆ ದುಡಿದು ಒಂದು ಬದಿ ನುಣ್ಣಗಾಗಿತ್ತು. ಬಾಟಲಿಯ ಮೀನುಗಳೇನೋ ಇದ್ದವು. ಆದರೆ ನೊಗ್ಲಿಯ ಬಾಟಲಿಯ ಮುಚ್ಚಳ ಬಿರಿದು, ಒಳಗಿನ ಫಾರ್ಮಲಿನ್ ಆರಿ, ಬೆಳ್ಳಿಯಂತೆ ಹೊಳೆಯುವ ಆ ಮೀನು ಒಣಗಿದ ಹುಣಸೆಕಾಯಿಯಾಗಿ ತಳದಲ್ಲಿ ಬಿದ್ದಿತ್ತು. ದಾಖಲೆ ಪುಸ್ತಕದಲ್ಲಿ ಮಾತ್ರ ಅದು ಇಪ್ಪತ್ತು ವರ್ಷದಿಂದ 'ಉತ್ತಮ ಸ್ಥಿತಿಯಲ್ಲಿದೆ.'

ಮಾಸ್ತರರ ಕಡೆ ಸಾಮಾನಿಗೆ ಬರವಿರಲಿಲ್ಲ. ವಿದ್ಯಾರ್ಥಿಗಳ ಮನೆಯಿಂದ ಹಳೆಯ ಹಿತ್ತಾಳೆ ಪಾತ್ರೆ, ಅಳತೆಯ ಸಿದ್ದೆ, ಕರಿಮಣಿಯ ಸರಗಳು ಬಂದವು. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಚೆಂಡಿಯಾದಿಂದ ಎದ್ದು ಬಂದು ಹೊಸ ಕಾಲೊನಿಯಲ್ಲಿ ನೆಲೆಸಿದ್ದ ಒಂದು ಮನೆಯವರು, ಇಡಲು ಜಾಗವಿಲ್ಲವೆಂದು ಒಂದು ಗೋಣಿಚೀಲವನ್ನೇ ಕಾವಲುಗಾರನ ಹತ್ತಿರ ಇಟ್ಟುಹೋದರು. ಅದರಲ್ಲಿ ಮರದಲ್ಲಿ ತೋಡಿದ, ಮೊರದಷ್ಟು ದೊಡ್ಡ ಸೌಟಿನಂಥದ್ದೊಂದಿತ್ತು. ಮಾಸ್ತರರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಯಾರನ್ನೂ ಕೇಳದೆ, ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದರು: 'ದೇವಸ್ಥಾನದ ನೈವೇದ್ಯದ ಸಟ್ಟುಗ. ಬಹಳ ಪ್ರಾಚೀನ.'

"ಪ್ರಾಚೀನ ಅಂತ ಹೇಗೆ ಗೊತ್ತಾಯಿತು ಸರ್?"

"ಕಪ್ಪಗಾಗಿದ್ಯಲ್ರೀ" ಎಂದರು.

ತಂಡ ಬರಲು ಮೂರು ದಿನವಿತ್ತು. ನಾನು ಬೆಳಿಗ್ಗೆ ಓಣಿಯ ಆಚೆ ಈಚೆ ನೋಡಿ, ಮೀನಿನ ಬಾಯಿಯನ್ನು ಸನ್ನೆ ಮಾಡಿ ಕರೆದೆ. "ಒಂದು ನೊಗ್ಲಿ ಕೊಡು. ಚಂದ ಇರಬೇಕು."

ಅವಳು ಬುಟ್ಟಿಯನ್ನು ಧೊಪ್ಪನೆ ಇಳಿಸಿ ಮೂಗಿನ ಮೇಲೆ ಬೆರಳಿಟ್ಟಳು. ಮರುಕ್ಷಣ ಅವಳ ಮುಖ ಅರಳಿದ್ದು ಕಂಡು ನನಗೇ ಪಾಪಪ್ರಜ್ಞೆಯಾಯಿತು. "ನಾ ಹೇಳ್ಲಿಲ್ವಾ, ಒಂದಿನ ತಿಂಬ್ರಿ ಅಂತ! ಒಂದೇ ಸಾಕಾ? ಸ್ವಲ್ಪ ಅರಶಿನ, ಉಪ್ಪು, ಮೆಣಸಿನಪುಡಿ ಹಚ್ಚಿ, ರವೆಯಲ್ಲಿ ಹೊಳ್ಳಿಸಿ ಕಾಯ್ಸಿ. ಹುಳಿ ಮರೀಬ್ಯಾಡಿ."

"ಆಯ್ತು, ಹಾಗೇ ಮಾಡ್ತೇನೆ" ಎಂದೆ. ಆ ಒಂದು ಸುಳ್ಳು ಹೇಳಬಾರದಿತ್ತು.

ಕಾಲೇಜಿನಲ್ಲಿ ಫಾರ್ಮಲಿನ್ ಚುಚ್ಚಿ ಮೀನನ್ನು ಬಾಟಲಿಗೆ ಇಳಿಸಿದರೆ ಅದು ಮದುಮಗಳ ಹಾಗೆ ಥಳಥಳಿಸಿತು. ಪಕ್ಕದ ಬಾಟಲಿಗಳಲ್ಲಿ ಹಳದಿ ದ್ರಾವಣ, ಮಾಸಲು ಮೀನು. ಇದೊಂದೇ ಈಗಷ್ಟೇ ಸಮುದ್ರದಿಂದ ಎದ್ದು ಬಂದಂತೆ. ನಾನು ತಲೆ ಮೇಲೆ ಕೈಹೊತ್ತು ಕುಳಿತಾಗ ಮಾಸ್ತರರು ತಮ್ಮ ಫ್ಲಾಸ್ಕಿನಿಂದ ಕರಿ ಚಹಾದ ಡಿಕಾಕ್ಷನ್ ತಂದರು. ಎರಡು ಚಮಚ ಹಾಕಿದೆವು. ಇಪ್ಪತ್ತು ವರ್ಷ ಹಿಡಿಯುವ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು.

ಅಷ್ಟರಲ್ಲಿ ಹೊರಗೆ ಬೇರೊಂದು ಕೆಲಸವೂ ನಡೆದಿತ್ತು. ಸಂಜೆ ಮನೆಗೆ ಹೋದರೆ ಮನೆಯೊಡತಿ ಜಗುಲಿಯಲ್ಲೇ ಕಾಯುತ್ತಿದ್ದರು.

"ಕೂಸೇ, ನೀ ಮೀನು ತಗಂಡ್ಯಡ, ಹೌದನೇ?"

"ಕಾಲೇಜಿಗೆ ಬೇಕಿತ್ತು..."

"ಕಾಲೇಜು ಮೀನು ತಿಂತನೇ?" ಎಂದು ಎದ್ದು ಒಳಗೆ ಹೋದರು. ರಾತ್ರಿ ನನಗೆಂದು ಇಡುತ್ತಿದ್ದ ಮಜ್ಜಿಗೆ ಲೋಟ ಅಂದು ಬರಲಿಲ್ಲ.

ತಪಾಸಣೆಯ ದಿನ ಪ್ರಿನ್ಸಿಪಾಲರಿಗೆ ಉತ್ಸಾಹ ಬಂದು, ಸಾಮಾನು ಕೊಟ್ಟವರನ್ನೂ ಊರಿನ ನಾಲ್ಕಾರು ಜನರನ್ನೂ ಕರೆದಿದ್ದರು. ಮೀನಿನ ಬಾಯಿಯೂ ಬಂದಿದ್ದಳು. ತನ್ನ ಮಾವನ ಕಾಲದ ರಂಪಣಿ ಬಲೆಗೆ ಕಟ್ಟುತ್ತಿದ್ದ ತೇಲುಮರವನ್ನು ಅವಳು ನಮ್ಮ ಕಾಲೇಜಿನಲ್ಲೇ ಓದುವ ಮಗಳ ಕೈಯಲ್ಲಿ ಕಳಿಸಿದ್ದಳೆಂಬುದು ನನಗೆ ಆಗಲೇ ತಿಳಿದದ್ದು. ತಲೆಗೆ ಅಬ್ಬಲಿಗೆ ಮುಡಿದು, ಒಗೆದ ಸೀರೆಯುಟ್ಟು, ನನ್ನನ್ನು ನೋಡಿ ದೊಡ್ಡದಾಗಿ ನಕ್ಕಳು. ಮನೆಯೊಡತಿ ತಾವು ಕೊಟ್ಟ ಹಳೆಯ ತಾಮ್ರದ ಗಿಂಡಿ ನೋಡಲು ಬಂದು, ನನ್ನನ್ನು ನೋಡದವರಂತೆ ನಿಂತಿದ್ದರು.

ತಂಡದ ಮುಖ್ಯಸ್ಥರು ಪ್ರಾಣಿಶಾಸ್ತ್ರದ ಪ್ರೊಫೆಸರು. ನೀರುನಾಯಿಯ ಗುಂಡಿಗಣ್ಣನ್ನು ದಾಟಿ ನೇರ ನೊಗ್ಲಿಯ ಮುಂದೆ ನಿಂತರು. ಕನ್ನಡಕ ಸರಿಮಾಡಿಕೊಂಡರು.

"ಇದು ಎಷ್ಟು ವರ್ಷದ್ದು ಮೇಡಂ?"

"ಸುಮಾರು ಇಪ್ಪತ್ತು ವರ್ಷ, ಸರ್."

ಹಿಂದಿನಿಂದ ಒಂದು ತಲೆ ಮುಂದೆ ತೂರಿ ಬಂತು. "ಇಪ್ಪತ್ತು ವರ್ಷಾ? ಮೊನ್ನೆ ಬೆಳಿಗ್ಗೆ ನಾನೇ ಕೊಟ್ಟದ್ದಲ್ವಾ ಅಕ್ಕೋರೆ! ಬಾಲದ ಹತ್ರ ನನ್ನ ಬುಟ್ಟಿ ಕಡ್ಡಿ ತಾಗಿದ ಗಾಯ ಕಾಣ್ತದಲ್ಲ!" ಬಾಟಲಿಯನ್ನು ಮತ್ತೊಮ್ಮೆ ನೋಡಿದವಳ ದನಿ ಇಳಿಯಿತು. "ಅಯ್ಯೋ, ಅಷ್ಟು ಚಂದದ ಮೀನು... ತಿನ್ಲೇ ಇಲ್ವಾ?"

ಪ್ರಿನ್ಸಿಪಾಲರು ಕಿಟಕಿಯ ಹೊರಗೆ ನೋಡಿದರು. ಪ್ರೊಫೆಸರು ಮುಚ್ಚಳ ತೆಗೆದು ಮೂಸಿ, "ಫಾರ್ಮಲಿನ್ ಜೊತೆಗೆ ಚಹಾ?" ಎಂದರು. ಮಾಸ್ತರರು ಸಟ್ಟುಗದ ಹಿಂದೆ ಅಡಗಲು ನೋಡಿದರು. ಮನೆಯೊಡತಿಯ ಮುಖ ಮಾತ್ರ ಬೆಳಗಿತು. ಒಂದೇ ಮಾತಿನಲ್ಲಿ ನನ್ನ ಮಡಿ ಉಳಿದಿತ್ತು, ನೌಕರಿ ಅಲ್ಲಾಡುತ್ತಿತ್ತು.

ಮೀನಿನ ಬಾಯಿಗೆ ಇದಾವುದರ ಪರಿವೆಯೂ ಇಲ್ಲ. ಬೇಜಾರಿನಲ್ಲಿ ಅತ್ತ ತಿರುಗಿದವಳು ಮಾಸ್ತರರ ಸಟ್ಟುಗ ನೋಡಿದಳು, ಮಗಳಿಂದ ಚೀಟಿ ಓದಿಸಿದಳು, ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. "ಮಾಸ್ತರ್ರೇ, ಇದು ದೋಣಿ ಒಳ್ಗೆ ಬಂದ ನೀರು ತೆಗ್ದು ಚೆಲ್ಲೂದು! ಇದ್ರಲ್ಲಿ ದೇವ್ರಿಗೆ ಬಡ್ಸೂದಾ?"

ಪ್ರೊಫೆಸರರಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಅವಳನ್ನೇ ಮುಂದೆ ಬಿಟ್ಟುಕೊಂಡು ಕೋಣೆ ಸುತ್ತಿದರು. ಅವಳು ಒಂದೊಂದು ಬಾಟಲಿಗೂ ಬೆರಳು ತಟ್ಟಿ ಹೆಸರು ಹೇಳಿದಳು, ಯಾವ ತಿಂಗಳು ಬಲೆಗೆ ಬೀಳುತ್ತದೆ, ಯಾವುದು ಬಾಣಂತಿಗೆ ಒಳ್ಳೆಯದು ಎಂದೂ ಹೇಳಿದಳು. ಅವರು ಬರೆದುಕೊಂಡರು. ನಾನೂ ಬರೆದುಕೊಂಡೆ. ಅದೇ ಮೀನುಗಳ ಲ್ಯಾಟಿನ್ ಹೆಸರುಗಳನ್ನು ಮೂರು ವರ್ಷದಿಂದ ಬಾಯಿಪಾಠ ಮಾಡಿಸುತ್ತಿದ್ದವಳು ನಾನು. ಇವಳು ದಿನಾ ಬಾಗಿಲಿಗೆ ಬಂದರೂ ನಾನು ಒಂದರ ಬಗ್ಗೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಹೊರಡುವಾಗ ಪ್ರೊಫೆಸರು ನೊಗ್ಲಿಯ ಚೀಟಿ ಕಿತ್ತು ನನ್ನ ಕೈಗಿಟ್ಟರು. "ನಿಜವಾದ ತಾರೀಕು ಹಾಕಿ. ಸಂಗ್ರಹಿಸಿದವರು ಅನ್ನುವಲ್ಲಿ ಇವರ ಹೆಸರು ಬರೀರಿ. ಆ ಚಹಾ ತೆಗೀರಿ." ಅಷ್ಟೇ. ಪ್ರಿನ್ಸಿಪಾಲರ ಬೈಗುಳ ಮಾತ್ರ ಆಮೇಲೆ ಅರ್ಧ ತಾಸು ನಡೆಯಿತು.

ತನ್ನ ಹೆಸರು ಗಾಜಿನ ಮೇಲೆ ಬಂದದ್ದು ಅವಳಿಗೆ ಖುಷಿಯಾಯಿತು. ಮಾರನೆಯ ವಾರ ಮಾತ್ರ ಮುಖ ಸಪ್ಪೆ ಮಾಡಿಕೊಂಡು ಬಂದಳು. "ನನ್ನ ಹೆಸ್ರಲ್ಲಿ ಇಷ್ಟು ಸಣ್ಣ ಮೀನಾ? ಜನ ಎಂತ ತಿಳ್ಕಂಬೂದು?" ಬುಟ್ಟಿಯಿಂದ ಒಂದೂವರೆ ಗೇಣುದ್ದದ ನೊಗ್ಲಿ ತೆಗೆದಳು. ಅದು ಹಿಡಿಸುವ ಬಾಟಲಿ ಕಾಲೇಜಿನಲ್ಲಿರಲಿಲ್ಲ. ಮನೆಯೊಡತಿಯ ಹತ್ತಿರ ದೊಡ್ಡ ಗಾಜಿನ ಭರಣಿ ಕೇಳಿದೆ. ಅವರು ಉಪ್ಪಿನಕಾಯಿ ಬೇರೆಡೆಗೆ ಸುರಿದು, ತೊಳೆದು, ಒರೆಸಿ ತಂದುಕೊಟ್ಟರು.

"ಎಂತಕ್ಕೆ ಅಂತ ನಂಗೆ ಹೇಳದು ಬ್ಯಾಡ. ತಿರುಗಿ ಕೊಡದೂ ಬ್ಯಾಡ" ಎಂದರು.