ಬೆಲ್ಲವಿಲ್ಲದ ನೀರು

ಮೊನ್ನೆ ಮಣಿಪಾಲದ ದೊಡ್ಡ ಹೋಟೆಲೊಂದಕ್ಕೆ ಬಾಡಿಗೆ ಇತ್ತು. ಕಾರಿನಲ್ಲಿದ್ದವರನ್ನು ಇಳಿಸುವಷ್ಟರಲ್ಲಿ ಸೀರೆ ಉಟ್ಟ ಹುಡುಗಿಯೊಬ್ಬಳು ಹಿತ್ತಾಳೆ ತಟ್ಟೆ ಹಿಡಿದು ಬಂದಳು. ಬಾಳೆಲೆಯ ಮೇಲೆ ಓಲೆಬೆಲ್ಲ, ಪಕ್ಕದಲ್ಲಿ ನೀರು. ಆ ಬೆಲ್ಲದ ಹೊಗೆವಾಸನೆ ಮೂಗಿಗೆ ಬಡಿದದ್ದೇ ತಡ, ಹೆಬ್ರಿಯಾಚೆಯ ಕಾಡಿನ ಅಜ್ಜಿ ಕಣ್ಣೆದುರು ಬಂದು ನಿಂತರು...

ಆಗ ನನ್ನದು ಜೀಪು. ಹೆಬ್ರಿ ಪೇಟೆಯಿಂದ ಘಟ್ಟದ ಬುಡದವರೆಗೆ ಬಾಡಿಗೆ ಹೊಡೆಯುತ್ತಿದ್ದೆ. ಅಲ್ಲಿಂದ ಕಾಲುದಾರಿಯಲ್ಲಿ ಮೇಲೆ ಮಲೆಕುಡಿಯರ ಕೆಲವು ಮನೆಗಳು, ಮೊದಲನೆಯದೇ ಅಜ್ಜಿಯದು. ಜೇನು, ಸೀಗೆಕಾಯಿ, ಧೂಪದ ಮರದ ಅಂಟು ಹೊತ್ತು ನನ್ನ ಜೀಪಿನಲ್ಲೇ ಪೇಟೆಗೆ ಬರುತ್ತಿದ್ದರು. ಅಂಟಿಗಾಗಿ ಒಮ್ಮೆ ಗಾಯ ಮಾಡಿದ ಮರಕ್ಕೆ ಅದು ಮಾಯುವ ತನಕ ಕತ್ತಿ ಮುಟ್ಟಿಸುತ್ತಿರಲಿಲ್ಲ. "ಅದರಲ್ಲಿ ಇನ್ನೂ ಉಂಟಲ್ಲ ಅಜ್ಜಿ" ಎಂದು ಒಮ್ಮೆ ಹೇಳಿ ಬೈಸಿಕೊಂಡಿದ್ದೆ. "ನಿನ್ನ ಕಾಲಿಗೆ ಗಾಯ ಆದಾಗ ಅಲ್ಲಿಗೇ ಇನ್ನೊಂದು ಏಟು ಹಾಕ್ಲಾ?"

ಅಂಗಳಕ್ಕೆ ಯಾರೇ ಬರಲಿ, ಮೊದಲು ಬೆಲ್ಲ ಮತ್ತು ನೀರು, ಮಾತು ಆಮೇಲೆ. ಓಟು ಕೇಳುವವರಿಗೂ ಅದೇ, ದಾರಿ ತಪ್ಪಿ ಬಂದವರಿಗೂ ಅದೇ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ರೂಢಿ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರಲ್ಲ, ಬೆಲ್ಲ ತಿಂದರೂ ಅಷ್ಟೇ.

ಘಟ್ಟದ ತುದಿಯಲ್ಲಿ ರೆಸಾರ್ಟ್ ಬರಲಿಕ್ಕುಂಟು, ಅದಕ್ಕೆ ರಸ್ತೆ ಬೇಕು ಎಂದು ಸುದ್ದಿ ಹುಟ್ಟಿತು. ರಸ್ತೆ ಹೋಗುವುದು ಆ ಧೂಪದ ಮರಗಳ ನಡುವೆಯೇ. ಮೂವರು ಕೈಹಿಡಿದು ನಿಂತರೂ ತಬ್ಬಲಾಗದ ಮರಗಳು, ಅವುಗಳ ಬುಡದಲ್ಲಿ ಅವರ ದೈವದ ಕಲ್ಲು. ಅವು ಉರುಳಿದರೆ ಮನೆಯವರೂ ಅಲ್ಲಿಂದ ಏಳಬೇಕಿತ್ತು.

ಒಂದು ದಿನ ಬಯಲುಸೀಮೆಯ ಸರ್ವೆ ಸಾಹೇಬರೊಬ್ಬರು ನನ್ನ ಜೀಪು ಹತ್ತಿದರು. ಜೊತೆಗೆ ನಮ್ಮ ಕಡೆಯವರೇ, ಅಜೆಕಾರಿನ ಇಬ್ಬರು ಆಳುಗಳು, ಮರಗಳಿಗೆ ಗುರುತು ಹಾಕಲು ಕೆಂಪು ಬಣ್ಣದ ಡಬ್ಬಿ. ಬಾಡಿಗೆ ಯಾರದ್ದೆಂದು ನೋಡುತ್ತ ಕೂತರೆ ಡ್ರೈವರನ ಹೊಟ್ಟೆ ತುಂಬುವುದಿಲ್ಲ ಮಾರಾಯ್ರೆ. ಹೋದೆ. ದಾರಿ ತೋರಿಸಲು ಮೇಲೆಯೂ ಹತ್ತಿದೆ.

ಅಜ್ಜಿ ಡಬ್ಬಿಯನ್ನು ನೋಡಿದರು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಅವರ ಮುಂದಿಟ್ಟರು. ಬೆಲ್ಲದ ತುಂಡು ಕೊಟ್ಟದ್ದು ನನ್ನೊಬ್ಬನ ಕೈಗೆ ಮಾತ್ರ. ಆಳುಗಳು ಮುಖ ಮುಖ ನೋಡಿಕೊಂಡರು, ನೀರು ಮುಟ್ಟಲಿಲ್ಲ.

"ಏನಾಯ್ತ್ರೀ ನಿಮಗೆ? ನೀರು ಕುಡೀರಿ, ಹೊರಡೋಣ" ಎಂದರು ಸಾಹೇಬರು.

"ಬೆಲ್ಲ ಕೊಡ್ಲಿಲ್ಲ ಸಾರ್" ಎಂದ ಒಬ್ಬ, ತಲೆ ತಗ್ಗಿಸಿ.

"ಬೆಲ್ಲ ತಾನೆ? ಹೆಬ್ರೀಲಿ ಒಂದು ಕೆಜಿ ಕೊಡಿಸ್ತೀನಿ, ನಡೀರಿ."

ಅಜ್ಜಿ ಮೆಟ್ಟಿಲಲ್ಲಿ ಕೂತು ವೀಳ್ಯಕ್ಕೆ ಸುಣ್ಣ ಹಚ್ಚುತ್ತಲೇ ಹೇಳಿದರು: "ಬಂದವರಿಗೆ ಬೆಲ್ಲ ಉಂಟು. ನಮ್ಮನ್ನು ಎಬ್ಬಿಸ್ಲಿಕ್ಕೆ ಬಂದವರಿಗೆ ನೀರು ಸಾಕು. ಅದೂ ಬಾಯಾರಿ ಬೀಳಬಾರದು ಅಂತ."

ಆಮೇಲೆ ಕಾಡಿನ ಕಡೆ ತಿರುಗಿ ಒಂದು ಕೂಗು ಹಾಕಿದರು. ನಾವು ಏದುಸಿರು ಬಿಡುತ್ತ ಮುಂದಿನ ಮನೆ ತಲುಪುವಾಗ ಹೊಸ್ತಿಲಲ್ಲಿ ನೀರಿತ್ತು, ಬೆಲ್ಲ ಇರಲಿಲ್ಲ. ಅದರಾಚೆಯ ಮನೆಯಲ್ಲೂ ಹಾಗೆಯೇ. ಆಳುಗಳು ಡಬ್ಬಿ ಕೆಳಗಿಟ್ಟರು. "ನಾವು ಇನ್ನು ಬರುವುದಿಲ್ಲ ಸಾರ್. ಕೂಲಿಯೂ ಬೇಡ." ಸಾಹೇಬರು ಕೂಗಾಡಿದರು, ಪ್ರಯೋಜನ ಆಗಲಿಲ್ಲ. ಮುಚ್ಚಳ ತೆರೆಯದ ಡಬ್ಬಿ ನನ್ನ ಜೀಪಿನಲ್ಲೇ ವಾಪಸು ಬಂತು. ಅವರನ್ನು ಇಳಿಸಿದ ಮೇಲೆ ನಾನು ಒಬ್ಬನೇ ಹೊಟ್ಟೆ ಹಿಡಿದು ನಕ್ಕಿದ್ದೆ.

ಸಾಹೇಬರು ಮತ್ತೆ ಬಂದರು, ಬೇರೆ ಆಳುಗಳೊಂದಿಗೆ, ಒಮ್ಮೆ ಪೊಲೀಸರೊಂದಿಗೂ. ಅಷ್ಟರಲ್ಲಿ ಎಲ್ಲ ಮನೆಯವರೂ ಮರಗಳ ಬುಡದಲ್ಲಿ ಕೂರತೊಡಗಿದ್ದರು, ನೀರಿನ ಚೊಂಬು ಮುಂದಿಟ್ಟುಕೊಂಡು. ಅಜ್ಜಿ ಇರುವ ತನಕ ಒಂದು ಮರಕ್ಕೂ ಕೆಂಪು ತಾಗಲಿಲ್ಲ.

ಅವರು ಹೋದ ಸುದ್ದಿ ನನಗೆ ಸಿಗುವಾಗ ಉತ್ತರಕ್ರಿಯೆಯೂ ಮುಗಿದಿತ್ತು. ಕೊನೆಗೊಮ್ಮೆ ಮುಖ ನೋಡಲಾಗಲಿಲ್ಲ ಎಂಬ ಸಂಕಟ ಈಗಲೂ ಉಂಟು...

ಹೋಟೆಲಿನಲ್ಲಿ ಆ ಹುಡುಗಿಯ ಹಿಂದೆ ಗೋಡೆ ತುಂಬ ಒಂದು ಫೋಟೊ. ನೋಡಿದ ಕೂಡಲೇ ಗುರುತು ಸಿಕ್ಕಿತು, ಅದೇ ಧೂಪದ ಮರಗಳು. ಕೆಳಗೆ ಬರಲಿರುವ ರೆಸಾರ್ಟಿನ ಹೆಸರು. ನಾನು ಕರೆತಂದವರು ದಾರಿಯುದ್ದಕ್ಕೂ ದುಡ್ಡು ಹಾಕುವ ಮಾತಾಡಿದ್ದು ಇದಕ್ಕೇ.

"ನೀವೂ ತಗೊಳ್ಳಿ ಅಂಕಲ್" ಎಂದಳು ಹುಡುಗಿ.

ನೀರು ಕುಡಿದೆ. ಬೆಲ್ಲ ತಟ್ಟೆಯಲ್ಲೇ ಬಿಟ್ಟೆ.

"ಬೆಲ್ಲ ಬೇಡ್ವಾ?"

"ನಾನು ಆ ಮರದಡಿಯ ಮನೆಯ ಬೆಲ್ಲ ತಿಂದವ ಮಗಾ. ಇಲ್ಲಿಯದ್ದು ಆಗುವುದಿಲ್ಲ" ಎಂದೆ. ವಾಪಸು ಹೋಗಲು ಬೇರೆ ಗಾಡಿ ನೋಡಿಕೊಳ್ಳಿ ಎಂದು ಒಳಗಿದ್ದವರಿಗೆ ಹೇಳಿ ಕಳಿಸಿ, ಕಾರು ತಿರುಗಿಸಿದೆ.